ಮೊಲದ ಡಬ್ಬಿ

ಅವನು ಹೆಸರು ಓದುತ್ತಿರಲಿಲ್ಲ, ಡಬ್ಬಿಗಳನ್ನು ಬಿಚ್ಚಿ ಒಳಗೆ ನೋಡುತ್ತಿದ್ದ. ಕೌಂಟರಿನ ಹಿಂದೆ ಕೂತು ಹಳೆಯ ಡಿಸ್ಕುಗಳಿಗೆ ರಿಯಾಯಿತಿಯ ಹಳದಿ ಚೀಟಿ ಅಂಟಿಸುತ್ತಿದ್ದ ಅವಳಿಗೆ ಮೊದಲು ತಾಗಿದ್ದು ಆ ಸದ್ದು. ಪ್ಲಾಸ್ಟಿಕ್ಕಿನ ಬಾಯಿ ಟಕ್ಕೆಂದು ಬಿಚ್ಚಿಕೊಳ್ಳುತ್ತದೆ, ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಮತ್ತೆ ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಸಿನಿಮಾ ಬಾಡಿಗೆಗೆ ಕೊಟ್ಟವಳು ಅವಳು. ಗಿರಾಕಿ ಕಣ್ಣಿಗೆ ಬೀಳದಿದ್ದರೂ ಯಾವ ಸಾಲಿನ ಮುಂದೆ ನಿಂತಿದ್ದಾನೆ, ಒಯ್ಯುವವನೋ ಹೊತ್ತು ಕಳೆಯಲು ಬಂದವನೋ ಎಂದು ಕಿವಿಯೇ ಹೇಳುತ್ತಿತ್ತು. ಒಯ್ಯುವವರು ಡಬ್ಬಿಯ ಬೆನ್ನು ತಿರುಗಿಸಿ ಕತೆ ಓದುತ್ತಾರೆ, ಹೊತ್ತು ಕಳೆಯುವವರು ಸಾಲನ್ನು ಬೆರಳಿನಿಂದ ಸವರಿಕೊಂಡು ಹೋಗುತ್ತಾರೆ. ಒಳಗೆ ಯಾರೂ ನೋಡುವುದಿಲ್ಲ. ಹೊರಗೆ ಏನಿದೆಯೋ ಒಳಗೂ ಅದೇ ಇದೆ ಎಂದು ನಂಬಿಯೇ ಊರಿಗೆ ಊರೇ ಈ ಅಂಗಡಿಗೆ ಬಂದಿತ್ತು. ಅವಳು ಕತ್ತು ಚಾಚಿ ನೋಡಿದಳು. ಮಕ್ಕಳ ಸಿನಿಮಾಗಳ ಸಾಲಿನ ಮುಂದೆ, ನೆಲಕ್ಕೆ ತಾಗಿದ ಕೊನೆಯ ಹಲಗೆಯೆದುರು, ಒಂದು ಮೊಣಕಾಲೂರಿ ಕೂತಿದ್ದ ಮೂವತ್ತರ ಗಂಡಸು. ಬಗ್ಗಿದ ಕತ್ತು ಎಷ್ಟು ಸಣ್ಣದೆಂದರೆ ಅಂಗಿಯ ಕಾಲರು ಅದರ ಸುತ್ತ ಸಡಿಲ ಬಳೆಯ ಹಾಗೆ ನಿಂತಿತ್ತು. ಬೀದಿಯವರೆಲ್ಲ ಅವನನ್ನು ಸೂಜಿ ಎನ್ನುತ್ತಿದ್ದರು, ಟೈಲರಮ್ಮನ ಮಗನೆಂಬ ಕಾರಣಕ್ಕೆ ಅರ್ಧ, ಆ ಕತ್ತಿನ ಕಾರಣಕ್ಕೆ ಇನ್ನರ್ಧ. ಅವಳ ಹೆಬ್ಬೆರಳಿಗೆ ಹಳದಿ ಚೀಟಿ ಅಂಟಿಕೊಂಡು, ಕೊಡವಿದರೂ ಬಿಡಲಿಲ್ಲ.

ಅಂಗಡಿ ಮುಚ್ಚಲು ಇನ್ನು ನಾಲ್ಕು ದಿನ. ಗಾಜಿನ ಬಾಗಿಲಿಗೆ ಮಗಳು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಮೇಲೆ, ವರ್ಷಗಟ್ಟಲೆ ಈ ಕಡೆ ತಲೆ ಹಾಕದವರೆಲ್ಲ ಸಾವಿನ ಮನೆಗೆ ಬರುವ ಹಾಗೆ ಬರತೊಡಗಿದ್ದರು. ದನಿ ತಗ್ಗಿಸಿ ಮಾತಾಡುತ್ತಾರೆ, ಛೇ ಎಂಥ ಅಂಗಡಿ ಎನ್ನುತ್ತಾರೆ, ತಮ್ಮ ಮುಖ ಮುಂದೆ, ಶೆಲ್ಫು ಹಿಂದೆ ಬರುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ, ಬರಿಗೈಯಲ್ಲಿ ಹೋಗುತ್ತಾರೆ. ಒಂದು ಕಾಲಕ್ಕೆ ವಾರಕ್ಕೆ ಮೂರು ಒಯ್ಯುತ್ತಿದ್ದ ಮೇಷ್ಟ್ರು, ಮನೆಯಲ್ಲಿ ಬಿದ್ದಿರುವ ಹಳೇ ಕ್ಯಾಸೆಟ್‌ಗಳನ್ನು ಇಲ್ಲೇ ತಂದು ಸುರಿಯಲೇ ಎಂದು ಕೇಳಿದ್ದರು. ಹೇಗೂ ನೀವು ಎಸೀತೀರಲ್ಲ, ಅವುಗಳ ಜೊತೆ ಇವೂ ಹೋಗಲಿ ಎಂದು. ಅವಳು ನಕ್ಕಿದ್ದಳು. ನಗು ಬೇಡವೆಂದರೂ ಬಂದುಬಿಡುತ್ತಿತ್ತು, ಇಪ್ಪತ್ತಾರು ವರ್ಷದ ರೂಢಿ. ಈ ಜಾಗಕ್ಕೆ ಬರಲಿದ್ದ ಮೊಬೈಲ್ ಕವರಿನ ಅಂಗಡಿಯವನು ನಿನ್ನೆ ಅಳತೆಯ ಪಟ್ಟಿ ಹಿಡಿದು ಬಂದು, ಅವಳು ಕೂತ ಗೋಡೆಯನ್ನೇ ಅಳೆಯುತ್ತ, ಸ್ವಲ್ಪ ಬಗ್ಗಿ ಆಂಟಿ ಅಂದಿದ್ದ. ಅವಳು ಬಗ್ಗಿದ್ದಳು. ತಲೆಯ ಮೇಲಿಂದ ಆ ಲೋಹದ ಪಟ್ಟಿ ಸರ್ರೆಂದು ಹಿಂದಕ್ಕೆ ಸುತ್ತಿಕೊಂಡಾಗ ತನ್ನ ಕೂದಲು ಸಿಕ್ಕಿಕೊಂಡಂತೆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಇದೆಲ್ಲ ಸಹಿಸಬಹುದಾದದ್ದೇ. ಅವಮಾನಕ್ಕೆ ಒಂದು ಹೊತ್ತು ಅಂತ ಇರುತ್ತದೆ, ಅದು ಬಂದು ಹೋಗುತ್ತದೆ. ಹೆದರಿಕೆ ಹಾಗಲ್ಲ.

ಸೂಜಿ ಬಂದದ್ದು ಇದು ಮೂರನೇ ದಿನ. ಮೊನ್ನೆ ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿ ಹೋಗಿದ್ದ. ನಿನ್ನೆ ದೆವ್ವದ ಸಿನಿಮಾಗಳ ಸಾಲನ್ನು ಮೇಲಿಂದ ಕೆಳಗಿನವರೆಗೆ ಒಂದೂ ಬಿಡದೆ ಬಿಚ್ಚಿ ನೋಡಿದ್ದ. ಇವತ್ತು ಮಕ್ಕಳ ಸಾಲು. ಹತ್ತಿರ ಬರುತ್ತಿದ್ದಾನೆ ಎಂದುಕೊಂಡಳು. ಯಾಕೆ ಹೆದರಬೇಕು? ಆ ಹಲಗೆಯ ಮೂಲೆಯಲ್ಲಿರುವ ಮೊಲದ ಡಬ್ಬಿಯಲ್ಲಿ ಈಗ ಮೊಲದ ಕ್ಯಾಸೆಟ್ಟೇ ಇದೆ. ನೂರು ಸಲ ಬಿಚ್ಚಲಿ, ಬಿಳಿ ಮೊಲವೊಂದು ಕೋಸಿನ ತೋಟದಲ್ಲಿ ಕುಣಿಯುವ ಮುಕ್ಕಾಲು ಗಂಟೆಯ ಚಿತ್ರ ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಇನ್ನೊಂದು ಇಲ್ಲವೇ ಇಲ್ಲ. ಇಲ್ಲದಂತೆ ಮಾಡಿದವಳು ಅವಳೇ. ಹಾಗಾದರೆ ಅವಳು ಹೆದರುತ್ತಿರುವುದು ಅವನಿಗೆ ಏನಾದರೂ ಸಿಕ್ಕೀತೆಂದೋ, ಏನೂ ಸಿಗದೆಯೇ ಎದ್ದು ಹೋದಾನೆಂದೋ? ಬಗೆಹರಿಯಲಿಲ್ಲ. ಪಕ್ಕದಲ್ಲಿ ಕೂತು ಡಿಸ್ಕು ಒರೆಸುತ್ತಿದ್ದ ಮಗಳು, ಇಲ್ಲಿ ಅಂಟ್ಸು ಅಮ್ಮ, ಎಲ್ಲಿ ನೋಡ್ತಿದೀಯ, ಎಂದು ಮೊಣಕೈ ತಿವಿದಳು.

ಈ ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಬಂದರೆ ಕೌಂಟರಿನ ಕೆಳಗೆ ಚಾಪೆ ಹಾಸಿಕೊಂಡು ಅಲ್ಲೇ ಪಾಠ, ಅಲ್ಲೇ ಊಟ, ಅಲ್ಲೇ ನಿದ್ದೆ. ತಾಯಿ ಬೆನ್ನು ತಿರುಗಿಸಿದರೆ ಸಾಕು, ದೆವ್ವದ್ದೊಂದನ್ನು ಎಳೆದು ಅಂಗಡಿಯ ಪ್ಲೇಯರಿಗೆ ತುರುಕಿ, ಟೀವಿಯ ಸದ್ದು ಸೊನ್ನೆ ಮಾಡಿ ಕೂತುಬಿಡುತ್ತಿದ್ದಳು. ಅವುಗಳಲ್ಲಿ ತೀರಾ ಭಯಂಕರವಾದದ್ದೊಂದಿತ್ತು. ಟೇಪು ಎಲ್ಲಾದರೂ ಸಿಕ್ಕಿಕೊಳ್ಳುತ್ತದೋ ಎಂದು ಹೊಸದು ಬಂದಾಗೆಲ್ಲ ಒಂದು ಸಲ ಪೂರ್ತಿ ಓಡಿಸಿ ನೋಡುವುದು ತಾಯಿಯ ಕ್ರಮ. ಅದನ್ನು ನೋಡಿದ ಮೇಲೆ ವಾರದವರೆಗೆ ತನ್ನ ಮನೆಯ ಬೀರುವಿನ ಬಾಗಿಲು ತೆಗೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಇದು ನನ್ನ ಮಗುವಿನ ಕಣ್ಣಿಗೆ ಬೀಳಕೂಡದು ಎನ್ನಿಸಿತು. ಎಸೆಯೋಣವೆಂದರೆ, ಶನಿವಾರ ಬಂತೆಂದರೆ ದೊಡ್ಡವರು ಅದಕ್ಕೇ ಕಾದು ನಿಲ್ಲುತ್ತಿದ್ದರು. ಆಗ ಹೊಳೆದದ್ದು ಮೊಲದ ಡಬ್ಬಿ. ಮೊಲ ಪಾಪುಗಳದ್ದು, ನಾನೇನು ಪಾಪುವಾ ಎಂದು ಮಗಳು ಆ ಡಬ್ಬಿಯನ್ನು ಕಾಲಿನಿಂದಲೂ ಮುಟ್ಟುತ್ತಿರಲಿಲ್ಲ. ಮೊಲದ ಕ್ಯಾಸೆಟ್ಟನ್ನು ತೆಗೆದು ಕೌಂಟರಿನ ಡ್ರಾಯರಿಗೆ ಹಾಕಿ, ಇದನ್ನು ಮೊಲದೊಳಗಿಟ್ಟಳು. ಕೇಳಿದವರಿಗೆ ತಾನೇ ತೆಗೆದುಕೊಡುವುದು, ಬಂದ ಕೂಡಲೇ ತಾನೇ ತಿರುಗಿ ಇಡುವುದು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು. ಒಂದೇ ಒಂದು ಮರೆತಿದ್ದಳು. ಮಗಳನ್ನು ಶಾಲೆಯಿಂದ ಕರೆತರಲು ಹೋಗುವ ಅರ್ಧ ಗಂಟೆ ಅಂಗಡಿಯಲ್ಲಿ ಕೂರುತ್ತಿದ್ದವರು ಅತ್ತೆ. ಅವರಿಗೆ ಓದು ಬರುತ್ತಿರಲಿಲ್ಲ. ಚಿತ್ರ ನೋಡಿ ಕೊಡುತ್ತಿದ್ದರು. ಟೈಲರಮ್ಮ ಬಂದು, ಮಗನಿಗೆ ಜ್ವರ, ಶಾಲೆಗೆ ಹೋಗಿಲ್ಲ, ನನಗೆ ಹೊಲಿಗೆ ತುಂಬಾ ಇದೆ, ಏನಾದರೂ ಒಳ್ಳೆಯದು ಕೊಡಿ ಅಂದಾಗ ಅತ್ತೆ ಮೊಲ ಕೊಟ್ಟರು. ಸಂಜೆ ಸೊಸೆಗೆ ಹೇಳಲೂ ಇಲ್ಲ. ಹೇಳುವಂಥದ್ದು ಅದರಲ್ಲಿ ಏನಿತ್ತು?

ಮರುದಿನ ಟೈಲರಮ್ಮ ಮಗನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಕೊರಳಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು. ಆರು ವರ್ಷದ ಹುಡುಗ, ಕೆನ್ನೆಯ ಮೇಲೆ ಒಣಗಿದ ಕಣ್ಣೀರು. ಪಕ್ಕದ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದ ತಾಯಿ ಅವನ ಕಿರುಚಾಟ ಕೇಳಿ ಓಡಿ ಬರುವಷ್ಟರಲ್ಲಿ ಟೀವಿಯ ವೈರನ್ನೇ ಕಿತ್ತು ಹಾಕಿದ್ದನಂತೆ. ಬೀರುವಿನಿಂದ ಹೆಂಗಸು ಬಂದಳು, ಅವಳಿಗೆ ಮುಖವಿಲ್ಲ ಎನ್ನುತ್ತಾನಂತೆ, ಹೊದ್ದು ಮಲಗಿದರೂ ನಡುಕ ನಿಲ್ಲುವುದಿಲ್ಲವಂತೆ. ಇದ್ಯಾವ ಮೊಲ ಅಕ್ಕ, ಎಂದು ಕೇಳಿದ್ದಳು ಟೈಲರಮ್ಮ. ಜಗಳದ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಅಂಗಡಿಯಲ್ಲಿ ಇನ್ನೂ ಇಬ್ಬರು ತಾಯಂದಿರಿದ್ದರು, ಅವರ ಕೈಯಲ್ಲಿ ಮಕ್ಕಳ ಡಬ್ಬಿಗಳಿದ್ದವು. ಅವಳು ಯೋಚಿಸಲಿಲ್ಲ. ಇವತ್ತಿಗೂ ಅವಳಿಗೆ ಅತಿ ಭಯವಾಗುವುದು ಇದಕ್ಕೇ, ತಾನು ಯೋಚಿಸಲೇ ಇಲ್ಲ ಎಂಬುದಕ್ಕೆ. ಕೈ ತನ್ನಷ್ಟಕ್ಕೆ ತಾನು ಡಬ್ಬಿ ಇಸಿದುಕೊಂಡಿತು, ಕೌಂಟರಿನ ಮರೆಯಲ್ಲಿ ಅದನ್ನು ಬಿಚ್ಚಿತು, ದೆವ್ವದ ಕ್ಯಾಸೆಟ್ಟನ್ನು ಡ್ರಾಯರಿಗೆ ಜಾರಿಸಿ ಅಲ್ಲಿದ್ದ ಮೊಲವನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಪ್ಲೇಯರಿಗೆ ಹಾಕಿತು. ಬಿಳಿ ಮೊಲ ಕೋಸಿನ ತೋಟದಲ್ಲಿ ಕುಣಿಯತೊಡಗಿತು. "ನಿಮ್ಮ ಕಣ್ಣಾರೆ ನೋಡಿ," ಅಂದಳು. ಒಬ್ಬ ತಾಯಿ ನಕ್ಕಳು. ಟೈಲರಮ್ಮನ ಮುಖ ನಾಚಿಕೆಯಿಂದ ಕೆಂಪಾಗಿ, ಹುಡುಗನ ಕೆನ್ನೆಗೆ ಪಟ್ಟೆಂದು ಒಂದು ಬಿತ್ತು. ಹುಡುಗ ಅಳಲಿಲ್ಲ. ಟೀವಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಕಳ್ಳಿ ಎಂದು ನೋಡಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳೇನೋ. ಅವನು ನೋಡಿದ್ದು, ನೀವು ದೊಡ್ಡವರು, ನೀವು ಹೇಳಿದ ಮೇಲೆ ಹಾಗೇ ಇರಬೇಕು ಎಂಬಂತೆ. ಅವರು ಹೋದ ಮೇಲೆ ಡ್ರಾಯರಿನಿಂದ ಅದನ್ನು ತೆಗೆದು, ಒಳಗಿನ ಕಪ್ಪು ಪಟ್ಟಿಯನ್ನು ಮಾರುಗಟ್ಟಲೆ ಎಳೆದು, ಕತ್ತರಿಯಲ್ಲಿ ಚೂರು ಮಾಡಿ, ಪಕ್ಕದ ಕ್ಷೌರದಂಗಡಿಯವನ ಕಸದ ಬುಟ್ಟಿಯಲ್ಲಿ ಕೂದಲಿನ ಕೆಳಗೆ ಹುಗಿದಿದ್ದಳು. ಕೂದಲು ಯಾವುದು ಟೇಪು ಯಾವುದು ತಿಳಿಯುತ್ತಿರಲಿಲ್ಲ.

ಟೈಲರಮ್ಮ ಆಮೇಲೂ ಬರುತ್ತಿದ್ದಳು. ಬಂದಾಗೆಲ್ಲ, ಅವತ್ತು ಜನರ ಮುಂದೆ ಹಾಗೆ ಕೇಳಿಬಿಟ್ಟೆ ಅಕ್ಕ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕ್ಷಮೆ ಕೇಳುತ್ತಿದ್ದಳು. ಅವಳು ಕ್ಷಮಿಸುತ್ತಿದ್ದಳು. ಪ್ರತಿ ಸಲವೂ. ಹುಡುಗ ಒಳಗೆ ಬರುತ್ತಿರಲಿಲ್ಲ, ಗಾಜಿಗೆ ಬೆನ್ನು ಕೊಟ್ಟು ಹೊರಗೆ ನಿಲ್ಲುತ್ತಿದ್ದ. ಆ ಬೆನ್ನು, ಆ ಕತ್ತು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಹೋದದ್ದನ್ನು ಅವಳು ಈ ಕಡೆಯಿಂದ ನೋಡಿದ್ದಳು. ಬೀರು ಇರುವ ಕೋಣೆಯಲ್ಲಿ ಮಲಗುವುದಿಲ್ಲವಂತೆ, ಡಾಕ್ಟರಿಗೆ ತೋರಿಸಿದೆವು, ಇಲ್ಲದ್ದು ಕಾಣುವ ಸ್ವಭಾವ ಅಂದರು, ಮಾತ್ರೆ ಕೊಟ್ಟಿದ್ದಾರೆ, ಹೀಗೆ ಒಂದೊಂದೇ ಸುದ್ದಿ ಕೌಂಟರಿನ ಮೇಲೆ ಬಂದು ಬೀಳುತ್ತಿತ್ತು. ಮಾತ್ರೆ ಎಂದ ದಿನ ಹೇಳಿಬಿಡೋಣವೆಂದು ಬಾಯಿ ತೆರೆದಿದ್ದಳು. ಹೊರಗೆ ಬಂದದ್ದು, ಪಾಪ, ಎಂಬ ಒಂದು ಮಾತು. ಅವತ್ತು ಟೈಲರಮ್ಮನಿಗೆ ಎರಡು ಕ್ಯಾಸೆಟ್ ಬಿಟ್ಟಿಯಾಗಿ ಕೊಟ್ಟಿದ್ದಳು.

"ಆಂಟಿ, ನನ್ನ ಗುರ್ತು ಸಿಕ್ತಾ?"

ಅವನು ಎದುರಿಗೇ ನಿಂತಿದ್ದ. ಮೊಲದ ಡಬ್ಬಿ ಅವನ ಕೈಯಲ್ಲಿತ್ತು. ಗುರುತು ಸಿಗದೆ ಏನು, ಟೈಲರಮ್ಮನ ಮಗ ಅಲ್ವಾ, ಅಮ್ಮ ಹೇಗಿದಾರೆ ಎಂದು ಅವಳ ಬಾಯಿ ಕೇಳಿತು. ಅಮ್ಮ ಚೆನ್ನಾಗಿದ್ದಾಳೆ, ಕಣ್ಣು ಮಂಜಾಗಿದೆ, ಹೊಲಿಗೆ ಬಿಟ್ಟಿದ್ದಾಳೆ. ಅವನು ಈಗ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಒಂದು ಕಲ್ಲನ್ನು ಮೂರು ಸಲ ಇಟ್ಟು ನೋಡುತ್ತೀಯಲ್ಲೋ ಎಂದು ಜೊತೆಯವರು ಗೇಲಿ ಮಾಡುತ್ತಾರೆ, ಏನು ಮಾಡಲಿ, ಒಂದು ಸಲ ನೋಡಿದ್ದು ನನಗೆ ಸಾಲುವುದಿಲ್ಲ ಎಂದು ಅವನೇ ನಕ್ಕ. ನಗುವಾಗ ಡಬ್ಬಿಯನ್ನು ಬಿಚ್ಚಿ, ಒಳಗಿದ್ದ ಕ್ಯಾಸೆಟ್ಟನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಮುಚ್ಚಿದ. ಆಮೇಲೆ ಮೆಲ್ಲಗೆ, ಮನೆಯ ಕಷ್ಟವನ್ನು ಅಂಗಡಿಯಲ್ಲಿ ಹೇಳುವವರ ಸಂಕೋಚದಿಂದ, ಹೇಳತೊಡಗಿದ. ಐದು ವರ್ಷದ ಮಗಳಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿನ ಮನೆಯಲ್ಲಿ ಬಿಡುತ್ತಾರೆ. ಒಳ್ಳೆಯ ಹೆಂಗಸು, ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಹದಿನೈದು ದಿನದಿಂದ ಮಗಳು ಒಂದೇ ಮಾತು ಹೇಳುತ್ತಿದ್ದಾಳೆ, ಅತ್ತರೆ ದೊಡ್ಡಮ್ಮ ಬೀರುವಿನಲ್ಲಿ ಹಾಕಿ ಬಾಗಿಲು ಮುಚ್ಚುತ್ತಾಳೆ ಎಂದು. ಅವನು ಹೋಗಿ ಕೇಳಿದ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ, ಬೀರುವಿನ ಬಾಗಿಲು ತೆಗೆದೇ ತೋರಿಸಿದಳು. ಕೆಳಗಿನಿಂದ ಮೇಲಿನವರೆಗೆ ಮಡಿಸಿಟ್ಟ ಹೊದಿಕೆಗಳು, ಬೆಕ್ಕು ತೂರಲೂ ಜಾಗವಿಲ್ಲ.

"ನಿಮ್ಮ ಕಣ್ಣಾರೆ ನೋಡಿ ಅಂದ್ರು," ಎಂದ ಅವನು.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಅವನು ಅವಳನ್ನು ನೋಡುತ್ತಿರಲಿಲ್ಲ, ಡಬ್ಬಿಯ ಮೇಲಿನ ಮೊಲವನ್ನು ನೋಡುತ್ತಿದ್ದ. ಬೀರು ಅಂತ ಮಗಳ ಬಾಯಲ್ಲಿ ಬಂದದ್ದೇ ತಡ, ಅಮ್ಮ ತಲೆ ಚಚ್ಚಿಕೊಂಡಳು ಆಂಟಿ, ನಿನ್ನ ಹುಚ್ಚನ್ನ ಮಗಳಿಗೂ ಅಂಟಿಸಿದೆ ಅಂದಳು. ಹೆಂಡತಿ ಏನೂ ಅನ್ನುವುದಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ, ಆ ಕತೆ ಯಾವತ್ತಾದರೂ ಮಗೂಗೆ ಹೇಳಿದ್ರಾ, ನೆನಪು ಮಾಡ್ಕೊಳ್ಳಿ ಎಂದು ಕೇಳುತ್ತಾಳೆ. ಹೇಳಿದ ನೆನಪಿಲ್ಲ. ಆದರೆ ನನ್ನ ನೆನಪನ್ನು ನಾನು ನಂಬುವ ಹಾಗಿದೆಯೇ? ದಿನಾ ಬೆಳಿಗ್ಗೆ ಮಗಳು ಆ ಮನೆಯ ಮೆಟ್ಟಿಲ ಹತ್ತಿರ ನನ್ನ ಪ್ಯಾಂಟು ಹಿಡಿದುಕೊಳ್ಳುತ್ತಾಳೆ. ಬೆರಳು ಒಂದೊಂದಾಗಿ ಬಿಡಿಸಿ ಹೋಗುತ್ತೇನೆ. ಅಂಗಡಿ ಮುಚ್ಚುತ್ತಿದೆ ಅಂತ ಗೊತ್ತಾದಾಗ, ಇನ್ನು ಕೆಲವು ದಿನ ಬಿಟ್ಟರೆ ಹುಡುಕೋದಕ್ಕೂ ಜಾಗ ಇರಲ್ಲ ಅನ್ನಿಸ್ತು. ಎಲ್ಲ ಡಬ್ಬಿ ಬಿಚ್ಚಿದೆ, ಸಿಗಲಿಲ್ಲ.

"ನಂಗೆ ಬೇಕಾಗಿರೋದು ಒಂದೇ ಆಂಟಿ. ನಾನು ನೋಡಿದ್ದು ಇತ್ತಾ, ಇಲ್ವಾ. ಇತ್ತು ಅಂತಾದ್ರೆ ನನ್ನ ಮಗಳ ಮಾತನ್ನೂ ನಾನು ನಂಬಬಹುದು."

ಅವಳಿಗಿಂತ ಮೊದಲು ಮಗಳು ಮಾತಾಡಿದಳು. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಸಮಾಧಾನ ಮಾಡುವ ದನಿಯಲ್ಲಿ, "ನಮ್ಮಮ್ಮ ಮಕ್ಕಳ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ನಂಗೇ ಒಂದು ದೆವ್ವದ ಪಿಚ್ಚರ್ ನೋಡೋಕೆ ಬಿಟ್ಟಿಲ್ಲ. ಅಂಥದ್ದು ನಿಮಗೆ ಕೊಡ್ತಾರಾ?" ಅಂದಳು. ಅವನು ತಲೆಯಾಡಿಸಿದ. ಎಷ್ಟು ಬೇಗ ತಲೆಯಾಡಿಸಿದನೆಂದರೆ, ಈ ಉತ್ತರವನ್ನು ಮನೆಯಿಂದಲೇ ತಂದಿದ್ದನೇನೋ. ಅವಳಿಗೆ ಒಂದು ಗಳಿಗೆ ಹಗುರವಾಯಿತು, ಇದು ಇಷ್ಟಕ್ಕೇ ಮುಗಿಯಿತು, ತಾನು ಸುಳ್ಳನ್ನೂ ಹೇಳಬೇಕಾಗಲಿಲ್ಲ, ಮಗಳೇ ಹೇಳಿದಳು, ಅದೂ ನಿಜವೆಂದು ನಂಬಿ. ನಾಲ್ಕು ದಿನ ಕಳೆದರೆ ಈ ಗೋಡೆಯ ತುಂಬ ಬಣ್ಣಬಣ್ಣದ ಕವರುಗಳು ನೇತಾಡುತ್ತವೆ, ಇಲ್ಲಿ ಏನಿತ್ತೆಂದು ಕೇಳುವವರಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಮಗಳ ಕಣ್ಣಿನಲ್ಲಿ ತಾನು ಈಗಿರುವ ಹಾಗೇ ಇದ್ದು ಸಾಯಬಹುದು. ಅವನು ಡಬ್ಬಿಯನ್ನು ಕೌಂಟರಿನ ಮೇಲೆ, ಅಂಚಿಗೆ ಸಮನಾಗಿ, ಜೋಪಾನವಾಗಿಟ್ಟ. ಮೂರು ದಿನದಿಂದ ನಿಮಗೆ ತೊಂದರೆ ಕೊಟ್ಟೆ, ತಪ್ಪು ತಿಳಿಯಬೇಡಿ ಆಂಟಿ, ಅಂದ. ಅದೇ ದನಿ. ತಾಯಿಯದೇ ದನಿ. ಅವಳ ಬಾಯಿ ರೂಢಿಯಂತೆ, ಪರವಾಗಿಲ್ಲಪ್ಪ, ಎನ್ನಲು ತೆರೆಯಿತು. ಕ್ಷಮಿಸಲು ಹೊರಟಿದ್ದ ತನ್ನ ಬಾಯಿ ಅವಳಿಗೇ ಕಂಡಂತಾಯಿತು, ಮುಖವಿಲ್ಲದ ಬರಿಯ ಬಾಯಿ.

"ಇತ್ತು," ಅಂದಳು.

ಅವನು ಬಾಗಿಲ ಕಡೆ ತಿರುಗಿದ್ದವನು ಹಾಗೇ ನಿಂತ. ಅವಳು ಮತ್ತೆ ಹೇಳಿದಳು. ನಿನ್ನ ಮನೆಗೆ ಬಂದ ಡಬ್ಬಿಯಲ್ಲಿ ಮೊಲ ಇರಲಿಲ್ಲ ಕಣಪ್ಪ, ಅದನ್ನು ಅದರಲ್ಲಿ ಇಟ್ಟವಳು ನಾನು, ನಿಮ್ಮಮ್ಮ ಬಂದಾಗ ಕೌಂಟರಿನ ಕೆಳಗೆ ಬದಲಾಯಿಸಿದವಳೂ ನಾನು, ಆಮೇಲೆ ಕತ್ತರಿಸಿ ಎಸೆದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದರೂ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ನಂಬುತ್ತಿಲ್ಲ ಎಂದು ಅವಳಿಗೆ ಹೊಳೆಯಿತು. ಮುದುಕಿಯೊಬ್ಬಳು ತನಗೆ ಕನಿಕರದಿಂದ ಹೇಳುತ್ತಿದ್ದಾಳೆ ಎಂದುಕೊಂಡಿದ್ದಾನೆ. ಯಂತ್ರದ ಮೇಲೆ ಮೂರು ಸಲ ಕಲ್ಲು ಇಡುವವನು. ಅವಳು ಕಣ್ಣು ಮುಚ್ಚಿ, ಇಪ್ಪತ್ತನಾಲ್ಕು ವರ್ಷ ನೋಡಬಾರದೆಂದುಕೊಂಡಿದ್ದನ್ನು ನೋಡಿದಳು. ಬೀರುವಿನ ಬಾಗಿಲು ತೆರೆಯುತ್ತದೆ, ಮೊದಲು ಕಾಣುವುದು ಕಾಲು.

"ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು."

ಅವನ ತುಟಿ ಅಲುಗಿತು. "ಯಾವ ಕಾಲು?"

"ಎಡಗಾಲು."

ಅವನು ಅಲ್ಲೇ, ಡಿಸ್ಕುಗಳ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ ಎಂದ, ಯಾರಿಗೋ ಅಲ್ಲ, ತನ್ನ ಮೊಣಕಾಲುಗಳಿಗೆ. ಬೈಯಲಿ ಎಂದು ಕಾದಳು. ಡಬ್ಬಿ ಎತ್ತಿ ಮುಖಕ್ಕೆ ಹೊಡೆಯಲಿ, ಅದಕ್ಕೆ ಅವಳು ಸಿದ್ಧಳಾಗಿದ್ದಳು, ಬಗ್ಗುವುದಿಲ್ಲ ಎಂದು ಕೂಡ ಅಂದುಕೊಂಡಳು. ಅವನು ಅವಳ ಕಡೆ ನೋಡಲೇ ಇಲ್ಲ. ಗೋಡೆಯ ಗಡಿಯಾರ ನೋಡಿದ. ಹನ್ನೊಂದೂ ಮುಕ್ಕಾಲು.

"ಈಗ ಮಗಳು ಅಲ್ಲೇ ಇದಾಳೆ," ಅಂದ.

ಎದ್ದವನು ಬಾಗಿಲು ತಳ್ಳುವುದನ್ನು ಮರೆತು ಎಳೆದ, ಎರಡು ಸಲ ಎಳೆದ, ಮೂರನೆಯದಕ್ಕೆ ಭುಜದಿಂದ ತಳ್ಳಿಕೊಂಡು ಹೊರಬಿದ್ದ. ರಸ್ತೆಯಲ್ಲಿ ಕಾರೊಂದು ಕಿರ್ರೆಂದು ನಿಂತಿತು, ಚಾಲಕ ಕೈ ಹೊರಗೆ ಹಾಕಿ ಬೈದ. ಆ ಸಣ್ಣ ಕತ್ತು ಜನರ ನಡುವೆ ಓಡುತ್ತ ಮರೆಯಾಯಿತು. ಅಂಗಡಿಯಲ್ಲಿ ಇಬ್ಬರೇ ಉಳಿದರು. ಮಗಳು ಒರೆಸುವ ಬಟ್ಟೆಯನ್ನು ಹೆಗಲಿನಿಂದ ತೆಗೆದು ಮಡಿಸಿದಳು, ಮಡಿಸಿದ್ದನ್ನು ಇನ್ನೂ ಒಮ್ಮೆ ಮಡಿಸಿದಳು. ಮೊಲದ್ದನ್ನ ನಾನು ಮುಟ್ಟಲ್ಲ ಅಂತ ಗೊತ್ತಿತ್ತು ನಿಂಗೆ, ಅಂದಳು. ಅವಳು ಹೂಂಗುಟ್ಟಿದಳು. ಹಾಗಾದರೆ ನನಗೋಸ್ಕರ, ಅಂದಳು ಮಗಳು. ಆಮೇಲೆ ತನ್ನ ಕುರ್ಚಿಯನ್ನು ಎತ್ತಿಕೊಂಡು ಕೌಂಟರಿನ ಆ ಬದಿಗೆ, ಗಿರಾಕಿಗಳು ನಿಲ್ಲುವ ಕಡೆಗೆ ಹೋಗಿ ಕೂತಳು.

ಇಷ್ಟು ವರ್ಷ ಹೆದರಿದ್ದು ನಡೆದುಹೋಗಿತ್ತು. ಆದರೂ ಹೆದರಿಕೆ ಹೋಗಿರಲಿಲ್ಲ, ಇದು ಹಳೆಯ ಹೆದರಿಕೆಯಲ್ಲ. ಕೂತಲ್ಲೇ, ಮನಸ್ಸಿನಲ್ಲಿ ಅವಳು ಅವನ ಹಿಂದೆ ಓಡುತ್ತಿದ್ದಳು. ತಾನೆಂದೂ ನೋಡದ ಆ ಮನೆ, ಮಗು ಪ್ಯಾಂಟು ಹಿಡಿದುಕೊಳ್ಳುವ ಮೆಟ್ಟಿಲು, ಒಳ್ಳೆಯ ಹೆಂಗಸಿನ ಒಳ್ಳೆಯ ನಗು, ಬನ್ನಿ ಬನ್ನಿ, ಇಷ್ಟು ಹೊತ್ತಿನಲ್ಲಿ ಯಾಕೆ ಬಂದಿರಿ. ಅವನು ಮಾತಾಡುವುದಿಲ್ಲ, ನೇರ ಒಳಕೋಣೆಗೆ ಹೋಗುತ್ತಾನೆ. ಬೀರುವಿನ ಹಿಡಿಕೆಯ ಮೇಲೆ ಕೈ. ದೇವರೇ, ಎಂದುಕೊಂಡಳು, ಅದರಲ್ಲಿ ಬರೀ ಹೊದಿಕೆಗಳಿರಲಿ. ಕೆಳಗಿನಿಂದ ಮೇಲಿನವರೆಗೆ ಹೊದಿಕೆಗಳಿರಲಿ, ಬೇರೆ ಏನೂ ಇರದಿರಲಿ. ತುಟಿ ಅಲುಗುವಷ್ಟು ಜೋರಾಗಿ, ಎರಡು ಸಲ, ಮೂರು ಸಲ ಬೇಡಿಕೊಂಡಳು. ಆಮೇಲೆ ತಾನು ಬೇಡುತ್ತಿರುವುದೇನೆಂದು ಅವಳಿಗೆ ಕೇಳಿಸಿತು. ಮಗು ಸುಖವಾಗಿರಲಿ ಎಂದಲ್ಲವೇ ಬೇಡಿದ್ದು ಎಂದು ತನ್ನನ್ನು ತಾನೇ ಸಂತೈಸಲು ಹೋದಳು, ಆಗಲಿಲ್ಲ. ಬರೀ ಹೊದಿಕೆಗಳಿದ್ದರೆ ಆ ಮಗು ಸುಳ್ಳಿ. ಅವನು ಮಗುವಿನ ಬೆರಳುಗಳನ್ನು ನಾಳೆಯೂ ಒಂದೊಂದಾಗಿ ಬಿಡಿಸುತ್ತಾನೆ. ಇನ್ನೊಂದು ಮಗು ಸುಳ್ಳು ಹೇಳಿದ್ದಾಗಲಿ ಎಂದು, ಕಣ್ಣು ಮುಚ್ಚಿ, ಕೈ ಜೋಡಿಸಿ, ಅವಳು ದೇವರನ್ನು ಕೇಳಿಕೊಂಡಿದ್ದಳು.